ಹಳೆಯ ಜೀಪಿಗೆ ಹೊಸ ಗಾಲಿ

ನಮ್ಮ ರಾಯಚೂರು ಸೀಮೆಯ ರೈತನು ಸಂತೆಯಲ್ಲಿ ಎತ್ತು ಕೊಳ್ಳುವಾಗ ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಮೈಮೇಲಿನ ಸುಳಿಗಳನ್ನು ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಅದು ಕಾಲೂರುವ ರೀತಿಯನ್ನು ಪರೀಕ್ಷಿಸುತ್ತಾನೆ. ಹೊಲ ಕೊಳ್ಳುವಾಗ ಮೂಲೆ ಮೂಲೆಗೂ ಸರಪಳಿ ಹಿಡಿಸಿ, ಬಾಂದುಗಲ್ಲನ್ನು ಕೈಯಿಂದ ಮುಟ್ಟಿ ನೋಡಿ, ಪಹಣಿಯನ್ನು ತನ್ನೆರಡು ಕಣ್ಣು ಸಾಲದೆಂದು ನೆರೆಯವನ ಕಣ್ಣಿಗೂ ಒಡ್ಡಿದ ತರುವಾಯವೇ ಸಂಚಕಾರ ಕೊಡುತ್ತಾನೆ. ಇಷ್ಟು ಜಾಗರೂಕನಾದವನ ಮಗನೋ ಅಳಿಯನೋ ತನ್ನ ವಾಹನಕ್ಕೆ ಗಾಲಿ ಕೊಳ್ಳಲು ಹೊರಟನೆಂದರೆ ಮಾತ್ರ ಈ ಪರಂಪರಾಗತವಾದ ವಿವೇಕವೆಲ್ಲ ಎಲ್ಲಿ ಅಡಗುವುದೋ ತಿಳಿಯದು. ಅಂಗಡಿಯ ಗೋಡೆಗೆ ತೂಗುಹಾಕಿದ, ವಿದ್ಯುದ್ದೀಪದ ಬೆಳಕಿಗೆ ಬೆಳ್ಳಿಯ ಹರಿವಾಣದ ಹಾಗೆ ಥಳಥಳಿಸುವ ಅಲಾಯ್ ಗಾಲಿಯನ್ನು ಕಂಡ ಕ್ಷಣದಲ್ಲಿಯೇ ಅವನ ಕಣ್ಣು ವ್ಯಾಪಾರವನ್ನು ಮುಗಿಸಿಬಿಟ್ಟಿರುತ್ತದೆ. ಕೈಗೆ ಉಳಿಯುವುದು ದುಡ್ಡೆಣಿಸುವ ಕೆಲಸವೊಂದೇ.

ಈ ವಿಚಾರದಲ್ಲಿ ನಾನು ಅಧಿಕಾರವಾಣಿಯಿಂದ ಮಾತನಾಡುವುದಕ್ಕೆ ಕಾರಣವೊಂದಿದೆ. ಸಿಂಧನೂರಿನಲ್ಲಿ ಭತ್ತದ ಬೇಸಾಯ ಮಾಡಿಕೊಂಡಿರುವ ನನ್ನ ಅಕ್ಕನ ಮಗನು ಲಿಂಗಸುಗೂರಿನ ಕಡೆಯಿಂದ ಹಳೆಯ ಮಹೀಂದ್ರ ಜೀಪೊಂದನ್ನು ತಂದು, ಅದರ ಮೈಯ ತಗಡನ್ನೆಲ್ಲ ಬಿಚ್ಚಿ, ಅಸ್ಥಿಪಂಜರ ಮಾತ್ರ ಉಳಿಯುವಂತೆ ಮಾಡಿ, ಪುನಃ ಅದಕ್ಕೆ ಜೀವ ತುಂಬುವ ಸಂಕಲ್ಪ ತೊಟ್ಟನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ವಿಲ್ಲೀಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಲು ಮಹೀಂದ್ರ ಕಂಪನಿಯವರು ತೊಡಗಿದ್ದು 1940ರ ದಶಕದ ಕೊನೆಗೆ. ಅಲ್ಲಿಂದಾಚೆಗೆ ಅದರ ಸಂತಾನವು ತಹಶೀಲ್ದಾರರನ್ನೂ ನೀರಾವರಿಯ ಎಂಜಿನಿಯರರನ್ನೂ ಹೊತ್ತು, ನಿವೃತ್ತಿಯ ಬಳಿಕ ಹುಲ್ಲಿನ ಹೊರೆಯನ್ನೂ ಮದುವೆಯ ದಿಬ್ಬಣವನ್ನೂ ಹೊತ್ತು ಈ ಭಾಗದ ದಾರಿಗಳಲ್ಲೆಲ್ಲ ಸವೆದಿದೆ. ನಮ್ಮ ಜೀಪೂ ಅಂಥ ಸುದೀರ್ಘ ಸೇವೆಯದೇ. ಹಿಂದಿನ ಯಜಮಾನನು ಕಾಲಕಾಲಕ್ಕೆ ಕೈಗೆ ಸಿಕ್ಕ ಗಾಲಿಯನ್ನು ಸಿಕ್ಕಿಸಿದ್ದರಿಂದ ಅದರ ನಾಲ್ಕು ಗಾಲಿಗಳಲ್ಲಿ ಒಂದಕ್ಕೊಂದು ನೆಂಟಸ್ತಿಕೆಯೇ ಇರಲಿಲ್ಲ. ಹೊಸ ಗಾಲಿ ಹಾಕಿಸುವುದು ಅನಿವಾರ್ಯವಾಯಿತು. ಪ್ರಶ್ನೆ ಎದ್ದದ್ದು ಎಂಥವನ್ನು ಎಂಬಲ್ಲಿ.

ಅಳಿಯನು ಬಳ್ಳಾರಿಯ ಅಂಗಡಿಯೊಂದರಲ್ಲಿ ಗಾಲಿಗಳನ್ನು ಆಗಲೇ ಮನಸ್ಸಿನಲ್ಲಿ ವರಿಸಿ ಬಂದಿದ್ದನು. ನಾನು ಕೇಳಿದ್ದಿಷ್ಟೆ: "ಅಳತೆ ತೊಗೊಂಡೀ ಏನು?" ಅವನು, "ಮಾಮಾ, ಐದು ತೂತಿನ ಗಾಲಿ, ನಮ್ಮದೂ ಐದು ತೂತಿಂದ. ಮತ್ತೇನು ಅಳತಿ?" ಎಂದನು. ಈ ಉತ್ತರದಲ್ಲಿದ್ದ ನಿಶ್ಚಿಂತೆಗೆ ಬೆರಗಾಗಿ, ಅವನನ್ನು ಕರೆದುಕೊಂಡು ಸಿಂಧನೂರಿನಲ್ಲಿ ಲೇತ್ ಯಂತ್ರವನ್ನಿಟ್ಟುಕೊಂಡಿರುವ, ಊರೆಲ್ಲ ಉಸ್ತಾದನೆಂದೇ ಕರೆಯುವ ವೃದ್ಧ ಮೇಸ್ತ್ರಿಯ ಬಳಿಗೆ ಹೋದೆನು.

ಐದು ತೂತುಗಳು ಐದೇ ಆಗಿರಬಹುದು; ಆದರೆ ಅವು ಎಷ್ಟು ದೊಡ್ಡ ವೃತ್ತದ ಮೇಲೆ ಕುಳಿತಿವೆಯೆಂಬುದು ಬೇರೆ ಮಾತು. ನಾಲ್ಕು ತೂತಿನ ಗಾಲಿಯಾದರೆ ಎದುರುಬದುರಿನ ಎರಡು ತೂತುಗಳ ಮಧ್ಯಬಿಂದುಗಳ ನಡುವೆ ಅಳೆದರೆ ವೃತ್ತದ ವ್ಯಾಸವು ಕೈಗೆ ಬರುತ್ತದೆ. ಐದು ತೂತಿನದರಲ್ಲಿ ಯಾವ ತೂತಿಗೂ ನೇರ ಎದುರಾಳಿಯಿಲ್ಲ; ಅಲ್ಲಿ ರೇಖಾಗಣಿತವನ್ನು ಶರಣು ಹೋಗಬೇಕು. ಅಕ್ಕಪಕ್ಕದ ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆದು, ಆ ಸಂಖ್ಯೆಯನ್ನು 1.7ರಿಂದ ಗುಣಿಸಿದರೆ ಸಾಕು. ಪಂಚಭುಜಾಕೃತಿಯ ಧರ್ಮವೇ ಹಾಗೆ. ನಮ್ಮ ಜೀಪಿನಲ್ಲಿ ಆ ಅಂತರವು 82 ಮಿಲಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚಾಗಿತ್ತು. ಗುಣಿಸಿದರೆ 139.7, ಅಂದರೆ ಐದೂವರೆ ಅಂಗುಲ. ವಿಲ್ಲೀಸ್ ಜೀಪು ಹುಟ್ಟಿದಂದಿನಿಂದ ಆ ವಂಶಕ್ಕೆ ಇದೇ ಅಳತೆ, ಮಾರುತಿಯ ಜಿಪ್ಸಿಗೂ ಇದೇ. ಆದರೆ ಅದೇ ಜೀಪಿನ ಹೆಸರನ್ನು ಹೊತ್ತ ಈಚಿನ ಅಮೆರಿಕನ್ ರ‍್ಯಾಂಗ್ಲರಿಗೆ 127, ಎಂದರೆ ಐದೇ ಅಂಗುಲ. ಈ ಎರಡರ ನಡುವೆ ತೂತಿನಿಂದ ತೂತಿಗೆ ಬೀಳುವ ವ್ಯತ್ಯಾಸ ಏಳೂವರೆ ಮಿಲಿಮೀಟರು ಮಾತ್ರ. ಕಣ್ಣು ಇದನ್ನು ಗುರುತಿಸಲಾರದು, ನಟ್ಟು ಗುರುತಿಸುತ್ತದೆ. ತೂತನ್ನು ಕೊಂಚ ಕೊರೆದು ಅಗಲಿಸಿದರೆ ಆಗದೇ ಎಂದು ಕೇಳುವವರೂ ಇದ್ದಾರೆ. ಹಾಗೆ ಮಾಡಿಸಿಕೊಂಡ ಗಾಲಿಯು ಪ್ರತಿ ಸುತ್ತಿಗೂ ಸ್ಟಡ್ಡುಗಳನ್ನು ಬಾಗಿಸುತ್ತ, ಒಂದು ದಿನ ಯಜಮಾನನಿಗಿಂತ ಮುಂದಾಗಿ ಊರು ಸೇರುತ್ತದೆ.

ಉಸ್ತಾದನು ನನ್ನ ಗುಣಾಕಾರವನ್ನು ಸಾವಧಾನದಿಂದ ಕೇಳಿಸಿಕೊಂಡು, ಗೋಡೆಯ ಮೊಳೆಗೆ ತೂಗುಬಿಟ್ಟಿದ್ದ ತುಕ್ಕು ಹಿಡಿದ ಹಳೆಯ ಡಿಸ್ಕನ್ನು ತೋರಿಸಿದನು. "ನೀವು ಲೆಕ್ಕ ಮಾಡಿದ್ದು ಖರೇನ ಐತ್ರಿ ಮಾಸ್ತರ. ನಮಗ ಇದ ಲೆಕ್ಕ. ಇದರ ಮ್ಯಾಲೆ ಹೊಸದು ಇಟ್ಟು ನೋಡ್ತೀನಿ, ಐದೂ ತೂತಿನಾಗ ಬೆಳಕು ಸಾಫ್ ಬಂತಂದ್ರ ಮುಗೀತು." ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ರೇಖಾಗಣಿತ ಹೇಳಿಕೊಟ್ಟ ನನಗೆ ಆ ಪ್ರಮೇಯದ ಸಾಧನೆಯು ಇಷ್ಟು ಸಂಕ್ಷೇಪವಾಗಿ ಆಗಬಹುದೆಂದು ಎಂದೂ ಹೊಳೆದಿರಲಿಲ್ಲ. ಅವನೇ ಇನ್ನೊಂದು ಸಂಗತಿಯನ್ನೂ ಹೇಳಿದನು: ಹಳೆಯ ವಿಲ್ಲೀಸಿನಲ್ಲಿ ಎಡಗಡೆಯ ಗಾಲಿಗಳ ಸ್ಟಡ್ಡಿಗೆ ಉಲ್ಟಾ ಥ್ರೆಡ್ ಇರುತ್ತದೆಂದೂ, ಅದನ್ನರಿಯದೆ ಪಾನಾ ಹಾಕಿ ಬಲ ತೋರಿಸಿದವರು ನಟ್ಟು ಬಿಚ್ಚುವುದರ ಬದಲು ಸ್ಟಡ್ಡನ್ನೇ ಮುರಿದುಕೊಂಡು ಬರುವರೆಂದೂ ಅವನ ಅನುಭವ. ನಟ್ಟಿನ ಮುಖವು ಶಂಕುವಿನಾಕಾರದ್ದೋ, ಗುಂಡಗೋ, ಚಪ್ಪಟೆಯೋ ಎಂಬುದನ್ನೂ ಗಾಲಿಯ ತೂತಿನ ಅಂಚಿಗೆ ಹೊಂದಿಸಿ ನೋಡತಕ್ಕದ್ದು. ಒಂದಕ್ಕೊಂದು ಕೂಡದಿದ್ದರೆ ಎಷ್ಟು ಬಿಗಿದರೂ ಅದು ಬಿಗಿಯಲ್ಲ. ನಡುವಿನ ದೊಡ್ಡ ರಂಧ್ರವು ಹಬ್ಬಿನ ಮೇಲೆ ಸಡಿಲವಿಲ್ಲದೆ ಕೂಡಬೇಕೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಇಷ್ಟಾದರೆ ಗಾಲಿಯು ಕೂಡುವುದೇನೋ ನಿಜ. ಆದರೆ ಒಪ್ಪುವುದೋ ಎಂಬುದು ಅದಕ್ಕೂ ಗಹನವಾದ ಪ್ರಶ್ನೆ. ಗಾಲಿಯ ಅಗಲದ ಸರಿಯಾದ ಮಧ್ಯರೇಖೆಗೂ, ಅದು ಹಬ್ಬಿಗೆ ತಾಗಿ ಕೂಡುವ ಮುಖಕ್ಕೂ ಇರುವ ಅಂತರವನ್ನು ಆಫ್‌ಸೆಟ್ ಎನ್ನುತ್ತಾರೆ. ಆ ಮುಖವು ಮಧ್ಯರೇಖೆಯಿಂದ ಹೊರಕ್ಕಿದ್ದರೆ ಧನ, ಗಾಲಿಯು ಒಳಸರಿಯುತ್ತದೆ. ಒಳಕ್ಕಿದ್ದರೆ ಋಣ, ಗಾಲಿಯು ಹೊರಚಾಚುತ್ತದೆ. ಇದನ್ನು ಅಳೆಯಲು ದೊಡ್ಡ ಉಪಕರಣವೇನೂ ಬೇಡ. ಗಾಲಿಯನ್ನು ಮಕಾಡೆ ಮಲಗಿಸಿ, ಅದರ ಒಳಗಡೆಯ ಅಂಚುಗಳ ಮೇಲೆ ನೆಟ್ಟನೆಯದೊಂದು ಪಟ್ಟಿಯನ್ನಿಟ್ಟು, ಅಲ್ಲಿಂದ ಹಬ್ಬಿಗೆ ತಾಗುವ ಮುಖದವರೆಗೆ ಟೇಪು ಇಳಿಬಿಟ್ಟು, ಬಂದ ಅಳತೆಯಿಂದ ಗಾಲಿಯ ಒಟ್ಟು ಅಗಲದ ಅರ್ಧವನ್ನು ಕಳೆದರೆ ಆಯಿತು. ಒಂದು ಎಚ್ಚರ ಮಾತ್ರ ಅಗತ್ಯ: ಗಾಲಿಯ ಅಗಲವೆಂದು ಅದರ ಮೇಲೆ ಅಚ್ಚೊತ್ತಿರುವುದು ಟೈರಿನ ಅಂಚು ಕುಳಿತುಕೊಳ್ಳುವ ಎರಡು ಮೆಟ್ಟಿಲುಗಳ ನಡುವಿನ ಅಳತೆ, ಹೊರ ಅಂಚಿನಿಂದ ಹೊರ ಅಂಚಿಗೆ ಅದು ಹೆಚ್ಚುಕಡಿಮೆ ಒಂದಂಗುಲ ಜಾಸ್ತಿಯಿರುತ್ತದೆ.

ಅಳಿಯನು ವರಿಸಿದ್ದ ಗಾಲಿಯು ಹದಿನೈದು ಅಂಗುಲ ವ್ಯಾಸದ್ದು, ಎಂಟು ಅಂಗುಲ ಅಗಲದ್ದು, ಋಣ 25 ಮಿಲಿಮೀಟರು ಆಫ್‌ಸೆಟ್ಟಿನದು. ಅಂಚುಗಳನ್ನು ಸೇರಿಸಿದರೆ ಒಂಬತ್ತಂಗುಲ, ಮಧ್ಯರೇಖೆಯು ನಾಲ್ಕೂವರೆಯಲ್ಲಿ, ಹಬ್ಬಿನ ಮುಖವು ಅಲ್ಲಿಂದ ಒಂದಂಗುಲ ಒಳಕ್ಕೆ. ಅಂತೂ ಜೀಪಿನ ಒಳಗಡೆಗೆ ಮೂರೂವರೆ ಅಂಗುಲ, ಹೊರಗಡೆಗೆ ಐದೂವರೆ. ಉಸ್ತಾದನ ಅಂಗಡಿಯಲ್ಲಿಯೇ ಬಿದ್ದಿದ್ದ ಆರಂಗುಲ ಅಗಲದ, ಶೂನ್ಯ ಆಫ್‌ಸೆಟ್ಟಿನ ಉಕ್ಕಿನ ಡಿಸ್ಕನ್ನು ಅದೇ ರೀತಿ ಅಳೆದೆವು: ಒಳಕ್ಕೆ ಮೂರೂವರೆ, ಹೊರಕ್ಕೂ ಮೂರೂವರೆ. ಎರಡೂ ಕಮಾನು ಪಟ್ಟಿಗೂ ಬ್ರೇಕಿಗೂ ಸಮಾನವಾಗಿಯೇ ಸಮೀಪ. ಮೊದಲನೆಯದಕ್ಕೆ ಕೊಡುವ ಅಧಿಕ ಧನವೆಲ್ಲ ಎರಡಂಗುಲವನ್ನು ಬೀದಿಗೆ ಚಾಚುವುದಕ್ಕಾಗಿಯೇ ವ್ಯಯವಾಗುತ್ತದೆಂಬುದು ಆ ಲೆಕ್ಕದಿಂದ ಬೆಳಗಿನಷ್ಟು ಸ್ಪಷ್ಟವಾಯಿತು.

"ಮಾಮಾ, ಗಾಲಿ ಹೊರಗ ಬಂದ್ರ ಗಾಡಿ ಹುಲಿ ಹಂಗ ಕಾಣ್ತದ" ಎಂದನು ಅಳಿಯ. ಉಸ್ತಾದನು ಕೈಯೊರೆಸಿಕೊಳ್ಳುತ್ತ, "ಗಾಡಿ ಹುಲಿ ಹಂಗ ಕಾಣ್ತದಪಾ, ಸ್ಟೇರಿಂಗ್ ತಿರುಗಿಸಾವ ಎತ್ತ ಆಗ್ತಾನ" ಎಂದನು. ಇದು ಬರಿಯ ವಿನೋದವಲ್ಲ. ಮುಂದಿನ ಗಾಲಿಯು ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗೂ, ಟೈರಿನ ಮಧ್ಯವು ನೆಲವನ್ನು ಮುಟ್ಟುವ ಬಿಂದುವಿಗೂ ಅಂತರ ಹೆಚ್ಚಿದಷ್ಟೂ ಪ್ರತಿಯೊಂದು ಗುಂಡಿಯೂ ಕಲ್ಲೂ ಚಾಲಕನ ಅಂಗೈಗೆ ನೇರವಾಗಿ ಅಹವಾಲು ಸಲ್ಲಿಸುತ್ತದೆ. ಬೇರಿಂಗಿನ ಮೇಲೆ ಬೀಳುವ ಭಾರದ ಸನ್ನೆಯೂ ಉದ್ದವಾಗುತ್ತದೆ. ಸಾಮಾನ್ಯ ಗಾಲಿಗೆ ಸ್ಪೇಸರ್ ಎಂಬ ಬಿಲ್ಲೆಯನ್ನು ಕೊಟ್ಟು ಹೊರದಬ್ಬುವ ಉಪಾಯವೂ ಪರಿಣಾಮದಲ್ಲಿ ಇದೇ.

ಗಾಲಿಯ ಅಳತೆಯ ಶಿಸ್ತು ನಮ್ಮ ಊರುಗಳಿಗೆ ಪೇಟೆಯಿಂದ ಬಂದದ್ದೆಂದು ತಿಳಿಯಕೂಡದು. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ತೊಡಿಸುವುದನ್ನು ಕಂಡವರು ಇನ್ನೂ ಇದ್ದಾರೆ. ಬಡಿಗನು ಜಾಲಿಯ ಕಟ್ಟಿಗೆಯಿಂದ ಗಾಲಿ ಮಾಡಿ ಮುಗಿಸಿದ ಮೇಲೆ ಕಮ್ಮಾರನು ಅದರ ಹೊರಸುತ್ತನ್ನು ಅಳೆದು, ಹಳಿಯ ಒಳಸುತ್ತು ಅದಕ್ಕಿಂತ ಕೊಂಚ ಕಡಿಮೆಯಾಗುವಂತೆ ಬಗ್ಗಿಸಿ ಬೆಸೆಯುವನು. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾದ ಹಳಿಯು ಹಿಗ್ಗಿದಾಗ ಗಾಲಿಯ ಮೇಲೆ ಕೆಡಹಿ, ಮರವು ಹೊತ್ತಿಕೊಳ್ಳುವ ಮೊದಲೇ ನೀರು ಹೊಯ್ದರೆ, ಅದು ಕುಗ್ಗಿ ಅರಗಳನ್ನೆಲ್ಲ ಗುಂಬಕ್ಕೆ ಒತ್ತಿ ಹಿಡಿಯುವುದು. ಆ 'ಕೊಂಚ' ಎಷ್ಟೆಂಬುದರಲ್ಲಿ ಅವನ ವಿದ್ಯೆಯೆಲ್ಲ ಅಡಗಿತ್ತು: ಕಡಿಮೆಯಾದರೆ ಮರ ಒಣಗುವ ಬೇಸಗೆಯಲ್ಲಿ ಹಳಿ ಕಳಚಿ ಉರುಳುವುದು, ಹೆಚ್ಚಾದರೆ ಅರಗಳೇ ಡೊಂಕಾಗುವವು.

ಆ ವಿದ್ಯೆಯ ಉತ್ತರಾಧಿಕಾರಿಗಳು ಇಂದು ಸಿಂಧನೂರಿನ ವೆಲ್ಡಿಂಗ್ ಅಂಗಡಿಗಳಲ್ಲಿದ್ದಾರೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಈ ಎರೆಭೂಮಿಗೆ ಹರಿದು, ಜೋಳ ಹತ್ತಿಗಳ ಸೀಮೆಯು ಭತ್ತದ ಸೀಮೆಯಾಗಿ ಮಾರ್ಪಟ್ಟ ಮೇಲೆ, ಮೊಣಕಾಲುದ್ದದ ಕೆಸರಿನಲ್ಲಿ ಟ್ರ್ಯಾಕ್ಟರು ಹೂತುಹೋಗದಂತೆ ಅದರ ಹಿಂದಿನ ಗಾಲಿಗೆ ಕಬ್ಬಿಣದ ಪಂಜರದಂಥ ಗಾಲಿಯನ್ನು ಜೋಡಿಸುವುದು ಇಲ್ಲಿ ಸರ್ವಸಾಮಾನ್ಯವಾಯಿತು. ಕೆಲವರು ಅದನ್ನು ಟೈರಿನ ಹೊರಮಗ್ಗುಲಿಗೆ ಸೇರಿಸುತ್ತಾರೆ, ಕೆಲವರು ಟೈರನ್ನೇ ತೆಗೆದು ಅದನ್ನು ಹಾಕುತ್ತಾರೆ. ಒಂದೊಂದು ಕಂಪನಿಯ ಟ್ರ್ಯಾಕ್ಟರಿನ ಹಬ್ಬು ಒಂದೊಂದು ಬಗೆಯದಾದ ಕಾರಣ ಹಬ್ಬನ್ನು ಅಳೆಯದೆ ಆ ಗಾಲಿಯನ್ನು ಬೆಸೆಯುವುದು ಸಾಧ್ಯವೇ ಇಲ್ಲ. ಅದಕ್ಕೆ ಹೊಳಪಿಲ್ಲ, ಅದನ್ನು ಗೋಡೆಗೆ ತೂಗುಹಾಕಿದವರಿಲ್ಲ, ಡಾಂಬರು ರಸ್ತೆಯನ್ನು ಅದು ಕಿತ್ತುಹಾಕುವುದರಿಂದ ರಸ್ತೆಗೆ ಇಳಿಸಕೂಡದೆಂಬ ನಿರ್ಬಂಧವೂ ಉಂಟು. ಆದರೂ ನೆಲವನ್ನೂ ಯಂತ್ರವನ್ನೂ ನೋಡಿ ಮಾಡಿಸಿದ ಗಾಲಿಯೆಂದರೆ ನನ್ನ ಮತದಲ್ಲಿ ಅದೇ.

ನೆಲವನ್ನು ನೋಡಬೇಕೆಂದೆನಷ್ಟೆ. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ 150ಎ ಹೆದ್ದಾರಿಯಲ್ಲಿ ನೆಲದ ಸ್ವಭಾವವೇ ಬದಲಾಗುತ್ತದೆ. ಇತ್ತ ಕಾಲುವೆಯ ನೀರುಂಡ ಕಪ್ಪು ಎರೆ. ಅತ್ತ ಹಟ್ಟಿಯ ಚಿನ್ನದ ಗಣಿಯ ಕಡೆಗೆ ಸಾಗಿದಂತೆ ಮಸಬು, ಗರಸು, ಬಂಡೆ. ನಡುವೆ ಮಸ್ಕಿಯ ಬೆಟ್ಟ. ಅಲ್ಲಿಯ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಪತ್ತೆಹಚ್ಚಿದಾತನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. 'ದೇವಾನಾಂಪ್ರಿಯ'ನೆಂಬ ಬಿರುದಿನವನು ಅಶೋಕನೇ ಎಂಬುದು ಅದರಿಂದಲೇ ನಿಶ್ಚಿತವಾದದ್ದು. ಇಪ್ಪತ್ತನಾಲ್ಕು ಅರಗಳ ಅವನ ಚಕ್ರವನ್ನು ಧ್ವಜದ ಮೇಲೆ ಧರಿಸಿದ ನಾಡಿನಲ್ಲಿ, ಅವನ ಹೆಸರು ಹೊರಬಿದ್ದ ಊರನ್ನು ಹಾದುಹೋಗುವ ವಾಹನದ ಚಕ್ರವಾದರೂ ನೆಟ್ಟಗಿರಲೆಂದು ನಾನು ಅಳಿಯನಿಗೆ ಹೇಳಿದ್ದುಂಟು. ಅವನು ಹಾಡಿನ ಧ್ವನಿಯನ್ನು ಹೆಚ್ಚಿಸಿದನು.

ಟೈರಿನ ವಿಚಾರಕ್ಕೆ ಬಂದರೆ, ಈ ಜೀಪುಗಳ ಮೂಲದ ಟೈರು 6.00-16 ಎಂಬುದು: ಆರಂಗುಲ ದಪ್ಪ, ಹದಿನಾರಂಗುಲದ ರಿಮ್ಮು. ಮೇಲೂ ಕೆಳಗೂ ಆರಾರು ಅಂಗುಲ ಕೂಡಿಸಿದರೆ ಎತ್ತರವು ಇಪ್ಪತ್ತೆಂಟಂಗುಲ, ಅಂದರೆ 711 ಮಿಲಿಮೀಟರಿನ ಆಸುಪಾಸು. ಹೊಸ ಟೈರಿನ ಮೇಲೆ 235/75 ಆರ್ 15 ಎಂದಿದ್ದರೆ ಅದರ ಅಗಲ 235 ಮಿಲಿಮೀಟರು, ಪಕ್ಕೆಯ ಎತ್ತರವು ಆ ಅಗಲದ ಶೇಕಡಾ 75. ಎರಡು ಪಕ್ಕೆಗಳನ್ನೂ 381 ಮಿಲಿಮೀಟರಿನ ರಿಮ್ಮನ್ನೂ ಕೂಡಿಸಿದರೆ 733. ಅದೇ 215/75 ಆರ್ 15 ಆದರೆ 703. ಮೊದಲನೆಯದನ್ನು ಹಾಕಿದರೆ ಗಾಲಿಯ ಒಂದು ಸುತ್ತಿಗೆ ಜೀಪು ಹೆಚ್ಚು ದೂರ ಹೋಗುತ್ತದೆ, ವೇಗಸೂಚಕವು ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ, ಮುದಿ ಎಂಜಿನ್ನಿಗೆ ಏರಿನಲ್ಲಿ ಏದುಸಿರು ಬರುತ್ತದೆ. ಎರಡನೆಯದು ಮೂಲದ ಅಳತೆಗೆ ಹತ್ತಿರ.

ಅಳೆಯುವವರೆಲ್ಲರೂ ಮರೆಯುವ ಮಾತೊಂದನ್ನು ಇಲ್ಲಿ ಒತ್ತಿ ಹೇಳಬೇಕು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟು ಎಡೆಯಿದ್ದರೆ ಸಾಕೆಂದು ಪೇಟೆಯ ಅಂಗಡಿಯವನು ಹೇಳುವುದು ಸಿಮೆಂಟಿನ ನೆಲದ ಮೇಲೆ ನಿಂತುಕೊಂಡು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಂಡು, ಸುತ್ತು ಸುತ್ತಿಗೂ ಪದರ ಪದರವಾಗಿ ಬೆಳೆದು, ಕಟ್ಟಕಡೆಗೆ ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಗಾಲಿಯನ್ನೇ ತಿರುಗಗೊಡದ ಸ್ಥಿತಿಗೆ ತರುತ್ತದೆ. ಹಂಗಾಮಿನಲ್ಲಿ ಕಾಲುವೆಯ ಏರಿಯ ಮೇಲೆ ಕಟ್ಟಿಗೆಯಿಂದ ಗಾಲಿಯ ಮಣ್ಣು ಕೆದರುತ್ತ ನಿಂತವರನ್ನು ನೋಡಿದವರಿಗೆ ಇದು ಗೊತ್ತು. ಆದುದರಿಂದ ಇಲ್ಲಿ ಟೈರಿಗೆ ಮಾತ್ರವಲ್ಲ, ಟೈರು ಹೊತ್ತು ತರುವ ಹೊಲಕ್ಕೂ ಸ್ಥಳ ಬಿಟ್ಟು ಅಳೆಯಬೇಕು. ಕಿರಿದಾದ ಟೈರು ಕೆಸರನ್ನು ಸೀಳಿ ಕೆಳಗಿನ ಗಟ್ಟಿನೆಲವನ್ನು ಹುಡುಕುತ್ತದೆಂಬ ಲಾಭವೂ ಜೊತೆಗಿದೆ.

ನಿಂತಲ್ಲಿ ಅಳೆದದ್ದು ಸಾಲದು. ಮುಂದಿನ ಒಂದು ಗಾಲಿಯನ್ನು ದಿಬ್ಬದ ಮೇಲೇರಿಸಿ, ಕಮಾನು ಪಟ್ಟಿಯು ಪೂರ್ತಿ ಒತ್ತಿಕೊಂಡಾಗ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡಬೇಕು. ಕಣ್ಣಿಗೆ ಕಾಣದ ಎಡೆಗಳಲ್ಲಿ ಉಸ್ತಾದನು ಗೋಧಿಹಿಟ್ಟಿನ ಕಣಕದ ಉಂಡೆಗಳನ್ನು ಅಂಟಿಸಿದನು. ಟೈರು ಸವರಿದಲ್ಲೆಲ್ಲ ಉಂಡೆಯು ಚಪ್ಪಟೆಯಾಗಿ, ಉಳಿದ ದಪ್ಪವೇ ಉಳಿದ ಎಡೆಯಾಯಿತು. ಕಣಕವನ್ನು ಕಳೆದುಕೊಂಡ ನನ್ನ ಅಕ್ಕನು ಈ ವಿಜ್ಞಾನವನ್ನು ಮೆಚ್ಚಲಿಲ್ಲ.

ಇನ್ನು ಅಲಾಯೋ ಉಕ್ಕೋ. ಅಲಾಯ್ ಹಗುರ, ಸುಂದರ. ಒಳ್ಳೆಯ ರಸ್ತೆಯಲ್ಲಿ ಓಡುವ ಕಾರಿಗೆ ಅದನ್ನು ನಾನು ಬೇಡವೆನ್ನಲಾರೆ. ಆದರೆ ಗುಂಡಿಗೆ ಬಿದ್ದಾಗ ಅದು ಸೀಳುತ್ತದೆ. ಉಕ್ಕು ಬಾಗುತ್ತದೆ, ಮತ್ತು ಅಂಚಿನ ಸಣ್ಣ ಬಾಗನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿಕೊಡುವವನು ದಾರಿಯ ಪಂಕ್ಚರ್ ಅಂಗಡಿಯಲ್ಲಿಯೇ ಸಿಗುತ್ತಾನೆ. ಗಾಲಿಯು ಎಷ್ಟು ಭಾರ ಹೊರಬಲ್ಲದೆಂಬುದನ್ನು ಅದರ ಮೈಮೇಲೆಯೇ ಅಚ್ಚೊತ್ತಿರುತ್ತಾರೆ. ಸಣ್ಣ ಕಾರಿನ ಗಾಲಿಯನ್ನು ಬೀಜಗೊಬ್ಬರದ ಚೀಲ ಹೊರುವ ಜೀಪಿಗೆ ಹಾಕುವವರು ಆ ಸಂಖ್ಯೆಯನ್ನು ಓದಿರುವುದಿಲ್ಲ. ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಿರ್ದಿಷ್ಟಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಹೊರಚಾಚಿದ ಗಾಲಿಯು ಹುಲಿಯಂತೆ ಕಾಣುವುದು ಅಳಿಯನಿಗೆ ಮಾತ್ರವಲ್ಲ, ಚೌಕದಲ್ಲಿ ನಿಂತ ಪೋಲೀಸನಿಗೂ ಕಾಣುತ್ತದೆ.

ಕೊನೆಗೆ ನಾವು ಹಾಕಿಸಿದ್ದು ಹದಿನೈದಂಗುಲ ವ್ಯಾಸದ, ಆರಂಗುಲ ಅಗಲದ, ಶೂನ್ಯ ಆಫ್‌ಸೆಟ್ಟಿನ ಉಕ್ಕಿನ ಗಾಲಿಗಳನ್ನು, ಅದಕ್ಕೆ 215ರ ಟೈರುಗಳನ್ನು. ಅಳಿಯನು ತನ್ನ ಸಮಾಧಾನಕ್ಕಾಗಿ ಅವುಗಳಿಗೆ ಕಪ್ಪು ಬಣ್ಣ ಹೊಡೆಸಿದನು. ಅದಕ್ಕೆ ನನ್ನ ಅಭ್ಯಂತರವಿರಲಿಲ್ಲ. ಹಳೆಯ ವಾಹನಕ್ಕೆ ಗಾಲಿ ಹುಡುಕುತ್ತಿರುವ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಅಂಗಡಿಗೆ ಹೋಗುವಾಗ ಹಣದ ಜೊತೆಗೆ ಹಳೆಯ ಡಿಸ್ಕನ್ನೂ ಒಂದು ಟೇಪನ್ನೂ ಒಯ್ಯಿರಿ, ನಟ್ಟುಗಳನ್ನು ಸುತ್ತುವರಿದು ಬಿಗಿಸದೆ ಒಂದನ್ನು ಬಿಟ್ಟು ಒಂದರಂತೆ ಬಿಗಿಸಲು ಹೇಳಿರಿ, ಮತ್ತು ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಿಬರುವಷ್ಟು ದೂರ, ಅಂದರೆ ಸುಮಾರು ನೂರು ಕಿಲೋಮೀಟರು ಓಡಿದ ಬಳಿಕ ಅವನ್ನು ಇನ್ನೊಮ್ಮೆ ಬಿಗಿಸಿರಿ.